ಎಂಟನೇ ಟ್ರ್ಯಾಕ್

ಸ್ಟುಡಿಯೋಗೆ ಬರುವ ವಾದ್ಯದವರೆಲ್ಲ ಅವನನ್ನು ಗುಂಯ್ ಅಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಧ್ವನಿಮುದ್ರಣ ಮಾಡಿದವನಿಗೆ ಮೊಸರಲ್ಲಿ ಕಲ್ಲು ಹುಡುಕುವುದೇ ಕಸುಬು. ಆಂಪ್ಲಿಫೈಯರಿನ ಗುಂಯ್, ಮೈಕಿಗೆ ಬಡಿದ ಉಸಿರು, ಡ್ರಮ್ ಪೆಡಲಿನ ಕಿರ್ರು, ಯಾವುದೂ ಅವನ ಕಿವಿ ತಪ್ಪಿಸಿಕೊಂಡು ಹೋಗುವಂತಿರಲಿಲ್ಲ. "ಹಾಡು ಹೇಗಿತ್ತಣ್ಣಾ?" ಎಂದರೆ "ಗುಂಯ್ ಇರಲಿಲ್ಲ" ಎನ್ನುವನು. ಆ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬಂದದ್ದಿಲ್ಲ. ಇಂಥ ಆಸಾಮಿಯನ್ನು ಕಟ್ಟಿಕೊಂಡ ಹೆಂಡತಿಯ ತಾಳ್ಮೆ ದೊಡ್ಡದು ಬಿಡಿ.

ಆಗಿನ್ನೂ ಟೇಪಿನ ಕಾಲ. ಒಬ್ಬ ಹುಡುಗಿ ತಾನೇ ಬರೆದು ತಾನೇ ಧಾಟಿ ಹಾಕಿದ ಹತ್ತು ಹಾಡು ಹಿಡಿದು ಬಂದಳು. ಅವನ ಯಂತ್ರದ ಅಗಲ ಟೇಪಿನಲ್ಲಿ ಎಂಟು ಟ್ರ್ಯಾಕ್, ಒಂದೊಂದೂ ಒಂದೊಂದು ದನಿಗೆ. ಮೊದಲು ಅವಳು ಎಂಟನೆಯದರಲ್ಲಿ ಬರೀ ಗುರುತಿಗೆಂದು ಹಾಡಿಟ್ಟಳು. ಅದನ್ನು ಕೇಳುತ್ತ ಡ್ರಮ್ಮು, ಬಾಸು, ಪಿಯಾನೋ, ಪಿಟೀಲು ಒಂದೊಂದಾಗಿ ಸೇರಿದವು. ಅವಳ ಗಿಟಾರಿಗೆ ಮೈಕೇ ಇಲ್ಲ, ವೈರಿನಲ್ಲಿ ನೇರ ಯಂತ್ರಕ್ಕೆ ಹೋಯಿತು, ಅದರಲ್ಲಿ ಅವಳ ದನಿ ಸೇರುವಂತಿರಲಿಲ್ಲ. ಏಳನೇ ದಿನ ಬಂದು, ಅದೇ ಎಂಟನೆಯದರಲ್ಲಿ ಮನಸಾರೆ ಹಾಡುವುದೆಂದು ಮಾತಾಗಿತ್ತು.

ಬೇರೆಯವರಾದರೆ ಹೊಸ ದನಿ ಸಿಗುವ ತನಕ ಹಳೆಯದನ್ನು ಇಟ್ಟುಕೊಳ್ಳುತ್ತಾರೆ. ಇವನದು ಬೇರೆಯೇ ಶಾಸ್ತ್ರ. ಹಳೆಯದು ಕಿವಿಗೆ ಬಿದ್ದರೆ ಹಾಡುವವರು ತಮ್ಮನ್ನು ತಾವೇ ನಕಲು ಮಾಡುತ್ತಾರಂತೆ! ಅದಕ್ಕೇ ಹಿಂದಿನ ಸಂಜೆಯೇ ಅಳಿಸಿಬಿಡುವನು, ಪ್ರತಿಯನ್ನೂ ಇಡುವವನಲ್ಲ. ಆರನೇ ದಿನದ ಸಂಜೆ ಹತ್ತೂ ಹಾಡಿನ ಎಂಟನೇ ಟ್ರ್ಯಾಕನ್ನು ಚೊಕ್ಕ ಮಾಡಿ ಮನೆಗೆ ಹೋದ. ಮರುದಿನ ಬೆಳಿಗ್ಗೆ ಸ್ಟುಡಿಯೋಗೆ ಬರುವ ದಾರಿಯಲ್ಲೇ ಅವಳಿಗೆ ಲಾರಿ ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಹದಿನೈದು ದಿನದ ಮೇಲೆ ಅವಳ ತಾಯಿ ಫೋನು ಮಾಡಿ, ಮಗಳ ಹಾಡು ಕೇಳಬೇಕು, ನಾಳೆ ಬರುತ್ತೇನೆ ಎಂದರು. ಇವನು ಮನೆಗೆ ಹೋಗಿ ಹೆಂಡತಿಗೆ ಹೇಳಿದ.

"ಮೆಷಿನ್ನು ಟೇಪ್ ತಿಂದುಹಾಕ್ತು ಅಂದ್ಬಿಡಿ," ಎಂದಳು ಹೆಂಡತಿ. "ನಿಜ ಹೇಳಿದ್ರೆ ಅವರ ಮಗಳೇನು ಎದ್ದು ಬರ್ತಾಳಾ?"

ಹ್ಞೂಂ ಎಂದ. ಮರುದಿನ ದಾರಿಯುದ್ದಕ್ಕೂ ಆ ಸುಳ್ಳನ್ನೇ ಬಾಯಿಪಾಠ ಮಾಡಿದ.

ತಾಯಿ ಮಗಳ ನೋಟ್‌ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತರು. ಆ ಮುಖ ನೋಡಿದ ಮೇಲೆ ಸುಳ್ಳು ಹೇಳಲಾಗಲಿಲ್ಲ.

"ದನಿ ಇಲ್ಲಮ್ಮಾ. ಹಿಂದಿನ ಸಂಜೆ ನಾನೇ ಅಳಿಸ್ಬಿಟ್ಟೆ. ಇರೋದು ಹಿನ್ನೆಲೆ ವಾದ್ಯ ಮಾತ್ರ."

ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ತಲೆ ತಗ್ಗಿಸಿ ನಿಂತ. ಅವರು ನೋಟ್‌ಬುಕ್ಕನ್ನು ಅವನತ್ತ ಚಾಚಿದರು.

"ಎಲ್ಲ ಮುಗೀಲಿ, ಒಂದೇ ಸಲ ಕೇಳಿಸ್ತೀನಿ ಅಂತಿದ್ಲು. ಮಾತುಗಳು ಇದರಲ್ಲಿವೆ, ಧಾಟಿ ಗೊತ್ತಿಲ್ಲ. ಪಿಟೀಲಿನವರು ನಂಗೆ ನನ್ನ ತುಣುಕಷ್ಟೇ ಗೊತ್ತು ಅಂದ್ರು. ನೀವು ಆರು ದಿನ ಕೇಳಿದ್ದೀರಲ್ಲಪ್ಪ. ಒಂದು ಸಾಲು ಹೇಳಿಕೊಡಿ, ಸಾಕು. ಕಲ್ತುಕೊಳ್ತೀನಿ."

ಅವಳ ದನಿಯನ್ನು ಅವನು ನೂರು ಸಲವಾದರೂ ಕೇಳಿದ್ದ. ನಾಲ್ಕನೇ ಹಾಡಿನಲ್ಲಿ 'ಪ' ಅಕ್ಷರ ಬಂದಾಗ ಮೈಕು ಢಬ್ಬೆಂದದ್ದು, ಏಳನೆಯದರಲ್ಲಿ ಸ್ಟೂಲು ಕಿರುಗುಟ್ಟಿದ್ದು, ಎಲ್ಲ ನೆನಪಿತ್ತು. ಮೊದಲ ಸಾಲು ಓದಿಕೊಂಡು ಬಾಯಿ ತೆರೆದ. ಧಾಟಿ ಬರಲಿಲ್ಲ. ಪುಟ ತಿರುವಿದ. ಅದೂ ಬರಲಿಲ್ಲ. ಥೂ, ಇದೂ ಒಂದು ಕಿವಿಯೇ ಎಂದು ತನ್ನ ಮೇಲೇ ಹೇಸಿಗೆಯಾಯಿತು.

"ಯಾವುದಾದ್ರೂ ಸರಿ," ಎಂದರು ತಾಯಿ. "ನಿಧಾನಕ್ಕೆ ನೆನಪು ಮಾಡ್ಕೊಳ್ಳಿ. ಕಾಯ್ತೀನಿ."

ಹತ್ತನೇ ಹಾಡಿನ ಪುಟವೂ ಮುಗಿದ ಮೇಲೆ ಅವನು ನೋಟ್‌ಬುಕ್ಕನ್ನು ಮುಚ್ಚಿ ಅವರ ಕೈಗೆ ಕೊಟ್ಟ.