ಕುಸುಬಿ ಎಣ್ಣೆಯ ಕಲ್ಲುಗಳು

ಎಳ್ಳಮಾಸಿಯ ದಿನ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಪೈರಿಗೆ ಎಡೆಯಾಗಿ ಚರಗ ಚೆಲ್ಲಿ ಹೊಲದಲ್ಲೇ ಊಟಕ್ಕೆ ಕುಳಿತಿದ್ದ ನನ್ನ ಗಂಡ ಬಲಪಕ್ಕೆ ಒತ್ತಿ ಹಿಡಿದು ಎದ್ದರು. ಸಮಯ ನೆನಪಿರುವುದಕ್ಕೆ ಕಾರಣ, ಆಗಷ್ಟೇ ನಾನು ಮೊಬೈಲಿನಲ್ಲಿ ಎಲ್ಲರ ಫೋಟೋ ತೆಗೆದಿದ್ದೆ. ಅದರಲ್ಲಿ ಅವರು ನಗುತ್ತಿದ್ದಾರೆ, ಕೈಯಲ್ಲಿ ತುಪ್ಪ ಸುರಿದ ಶೇಂಗಾ ಹೋಳಿಗೆ ಇದೆ. ಆ ಫೋಟೋ ಅಳಿಸಿಲ್ಲ, ನೋಡುವುದೂ ಇಲ್ಲ.

ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲು. ಡಾಕ್ಟರು ಹೆಣ್ಣುಮಗಳು, ಮಾತು ಕಡಿಮೆ. "ಸಣ್ಣವು ಅಂತ ಖುಷಿ ಪಡಬ್ಯಾಡ್ರಿ. ಸಣ್ಣವ ಜಾರಿ ಪಿತ್ತದ ನಾಳದಾಗ ಸಿಕ್ಕೊಳ್ತಾವ. ಚೀಲ ತಗಿಸಿಬಿಡ್ರಿ" ಎಂದರು. ಒಪ್ಪತ್ತು ಊಟ ಮಾಡಿ ಬೇಗನೆ ಹೊಟ್ಟೆ ಕರಗಿಸಿಕೊಂಡಿದ್ದನ್ನು ಇವರು ಹೆಮ್ಮೆಯಿಂದ ಹೇಳಿದಾಗ, ಹಾಗೆ ಅವಸರದಲ್ಲಿ ತೂಕ ಇಳಿಸಿದರೂ ಕಲ್ಲು ಕಟ್ಟುತ್ತವೆ ಎಂದರು. ಊರೆಲ್ಲ ಹೊಗಳಿದ ಒಪ್ಪತ್ತು ಅದು. ಮುಂದಿನ ವಾರಕ್ಕೆ ಆಪರೇಷನ್ ಗೊತ್ತಾಯಿತು.

ನಮ್ಮೂರು ಸಂಶಿಗೆ ಮರಳಿದ ಸಂಜೆಯೇ ಇವರ ಕಾಕಾ ಬಂದರು. ಮಾವ ತೀರಿದ ಮೇಲೆ ನಮ್ಮ ಮನೆಯ ದೊಡ್ಡ ಮಾತೆಲ್ಲ ಅವರ ಬಾಯಿಂದಲೇ ಬರಬೇಕು. ಹಿಂದೊಮ್ಮೆ ಹುರಳಿ ಕಟ್ಟು ಕುಡಿದು ಅವರ ಕಿಡ್ನಿಯ ಕಲ್ಲು ಬಿದ್ದಿತ್ತಂತೆ.

"ಹೊಟ್ಟಿ ಕೊಯ್ಸಿಕೊಳ್ಳಾಕ ಹೊಂಟೀಯೇನಲೇ? ಕಲ್ಲು ಅಂದ್ರ ಕಲ್ಲು. ನನಗ ಬಿದ್ದಾವು, ನಿನಗ ಬೀಳೂದಿಲ್ಲೇನು?"

"ಕಾಕಾರ, ಅದು ಮೂತ್ರದ ದಾರಿ, ಇದು ಪಿತ್ತದ್ದು. ಎರಡೂ ಬ್ಯಾರೆ" ಎಂದೆ, ಸಾಲೆಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲೇ.

"ಅಕ್ಕೋರ, ಈ ಪಾಠ ಸಾಲ್ಯಾಗ ಹೇಳ್ರಿ. ಅಲ್ಲಿ ಹುಡುಗರು ಎದುರು ಮಾತಾಡೂದಿಲ್ಲ."

ಎಲ್ಲರೂ ನಕ್ಕರು. ಇವರೂ ನಕ್ಕರು. ಕತ್ತರಿಗೆ ಹೆದರಿದ್ದ ಮನುಷ್ಯನಿಗೆ ಆ ನಗು ಸಾಕಾಗಿತ್ತು.

ಕಾಕಾ ಒಂದು ವಿಡಿಯೋ ತೋರಿಸಿದರು. ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರೆ ಪಿತ್ತದ ಕಲ್ಲು ಬಿದ್ದುಹೋಗುತ್ತವಂತೆ. ಆಲಿವ್ ಎಣ್ಣೆ ಎಲ್ಲಿಂದ ತರುವುದು? "ನಮ್ಮ ಹೊಲದ ಕುಸುಬಿ ಐತಿ, ಗಾಣದ ಎಣ್ಣಿ. ಅದಕ್ಕಿಂತ ಚಲೋದು ಯಾವುದಲೇ?" ಗ್ಲಾಸು ತುಂಬ ಕುಸುಬಿ ಎಣ್ಣೆ ಸುರಿದು, ನಿಂಬೆ ಹಿಂಡಿ, ಮೂಗು ಹಿಡಿಸಿ ಕುಡಿಸಿದರು. ನಾನು ಬೇಡವೆಂದೆ. "ಹಿರ್ಯಾರು ಕೊಡೂಮುಂದ ಅಡ್ಡ ಬರಬ್ಯಾಡ" ಎಂದರು ಅತ್ತೆ.

ಮರುದಿನ ಮಲದಲ್ಲಿ ಹಸಿರು ಗುಂಡುಗಳು ಬಿದ್ದವು, ಕಡಲೆಕಾಳಿನಷ್ಟು. ಕಾಕಾ ಅವನ್ನು ತೊಳೆಸಿ, ಸ್ಟೀಲ್ ಬಟ್ಟಲಿನಲ್ಲಿ ಹಾಕಿಸಿ, ಕಟ್ಟೆಯ ಮೇಲಿಟ್ಟು ಬಂದವರಿಗೆಲ್ಲ ತೋರಿಸಿದರು. ಒಬ್ಬರು ಕೈಮುಗಿದೂ ಹೋದರು. ಬಿಸಿಲೇರಿದಂತೆ ಗುಂಡುಗಳು ಮೆತ್ತಗಾಗಿ ಬಟ್ಟಲಿಗೆ ಜಿಡ್ಡು ಹತ್ತಿತು.

"ಕಲ್ಲು ಕರಗತಾವೇನ್ರಿ?" ಎಂದೆ.

"ಮೈಯಾಗಿನ ಕಲ್ಲು ಅವು, ಹೊಲದಾಗಿನವಲ್ಲ" ಎಂದರು ಕಾಕಾ.

ಆಸ್ಪತ್ರೆಗೆ ಇವರೇ ಫೋನ್ ಮಾಡಿ ಆಪರೇಷನ್ ಬೇಡವೆಂದರು.

ಆ ವಾರ ಮುಗಿಯುವುದರೊಳಗೆ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿತು, ಕಣ್ಣು ಹಳದಿಯಾದವು. ಆಮೇಲೆ ಚಳಿಜ್ವರ, ಮಂಚವೇ ಅಲುಗುವಂಥ ನಡುಕ. "ಕಾಮಣಿ ಆಗೇತಿ. ಬೇರಿನ ಔಷಧ ಹಾಕಸೂಣು" ಎಂದರು ಕಾಕಾ. ಅಷ್ಟರಲ್ಲಿ ಇವರು ನನ್ನನ್ನೇ ನೋಡುತ್ತ, ತೀರಿಹೋದ ತಮ್ಮ ತಂದೆಯನ್ನು ಕರೆದರು. ಮತ್ತೆ ನಾನು ಯಾರನ್ನೂ ಕೇಳಲಿಲ್ಲ. ಬಾಜೂ ಮನೆಯವರ ಕಾರಿನಲ್ಲಿ ಹೊರಟೆ. ಹುಬ್ಬಳ್ಳಿ ಮುಟ್ಟುವವರೆಗೂ ಅವರ ಮೂಗಿನ ಹತ್ತಿರ ಅಂಗೈ ಹಿಡಿದು ಉಸಿರಿದೆಯೇ ಎಂದು ನೋಡುತ್ತಿದ್ದೆ. ಪಾಠ ಮಾಡುವಾಗ ಈಗಲೂ ಇದ್ದಕ್ಕಿದ್ದಂತೆ ಆ ಅಂಗೈ ತಣ್ಣಗಾಗುತ್ತದೆ.

ಕಲ್ಲು ನಾಳದಲ್ಲಿ ಸಿಕ್ಕು, ಪಿತ್ತ ಕಟ್ಟಿಕೊಂಡು, ಸೋಂಕು ರಕ್ತಕ್ಕೇರಿತ್ತು. ಬಾಯಿಯ ಮೂಲಕ ನಳಿಗೆ ಇಳಿಸಿ ಆ ಕಲ್ಲನ್ನು ತೆಗೆದರು. ಜ್ವರ ಇಳಿದ ಮೇಲೆ ಪಿತ್ತಕೋಶವನ್ನೂ ತೆಗೆದರು. ಹಸಿರು ಗುಂಡಿನ ಕಥೆಯನ್ನೂ ಡಾಕ್ಟರಿಗೆ ಹೇಳಿದೆ.

"ಅವು ಸಾಬೂನ್ರಿ. ಎಣ್ಣಿ, ನಿಂಬಿಹುಳಿ ಹೊಟ್ಯಾಗ ಕೂಡಿ ಹಂಗ ಗಟ್ಟಿ ಆಗ್ತಾವ. ಇಂಥವನ್ನ ಹಿಂದ ಲ್ಯಾಬಿನಾಗ ಒಡದು ನೋಡ್ಯಾರ. ಅಷ್ಟು ಎಣ್ಣಿ ಒಮ್ಮೆಲೇ ಕುಡದ್ರ ಪಿತ್ತದ ಚೀಲ ಹಿಂಡ್ಕೊಳ್ತದ, ಒಳಗಿನ ಕಲ್ಲು ನಾಳಕ್ಕ ಬೀಳೂ ಅಪಾಯ ಇರ್ತದ."

ಈಚಿನ ಸಂಶೋಧನೆಗಳನ್ನು ಸಿಕ್ಕಷ್ಟು ಓದಿದೆ. ಕರುಳಿನ ಸೂಕ್ಷ್ಮಾಣುಗಳು ಪಿತ್ತವನ್ನು ಹೇಗೆ ಬದಲಿಸುತ್ತವೆ, ಅದರಿಂದ ಕಲ್ಲು ಹೇಗೆ ಹುಟ್ಟಬಹುದು ಎಂದು ಹುಡುಕುತ್ತಿದ್ದಾರೆ. ಗೊತ್ತಿಲ್ಲದ್ದು ಇನ್ನೂ ಬಹಳವಿದೆ ಎಂದು ಅವರೇ ಬರೆಯುತ್ತಾರೆ. ನಮ್ಮ ಕಟ್ಟೆಯ ಮೇಲೆ ಮಾತ್ರ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಆಸ್ಪತ್ರೆಯವರು ನಿಜವಾದ ಕಲ್ಲುಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ಮನೆಗೆ ಮರಳಿದ ಮೇಲೆ ಕಾಕಾ ಅದನ್ನು ಅಲ್ಲಾಡಿಸಿ ನೋಡಿದರು. "ಉಳದದ್ದು ಇಷ್ಟ. ಬಾಕಿದ್ದೆಲ್ಲಾ ನಮ್ಮ ಎಣ್ಣಿಗೇ ಬಿದ್ದಿದ್ವು."

ಇವರು ಗೋಡೆಯ ಕಡೆ ಹೊರಳಿ ಮಲಗಿದರು. ನಾಳೆ ಕಾಕಾ ಮತ್ತೇನನ್ನಾದರೂ ಗ್ಲಾಸಿನಲ್ಲಿ ತಂದರೆ ಇವರು ಮತ್ತೆ ಕುಡಿಯುತ್ತಾರೆ ಎಂಬ ಭಯಕ್ಕೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಎದ್ದೆದ್ದು ಅವರ ರೆಪ್ಪೆ ಬಿಡಿಸಿ, ಕಣ್ಣು ಬಿಳಿಯಾಗಿವೆಯೇ ಎಂದು ನೋಡುತ್ತಿದ್ದೆ. ಅವರೂ ಎಚ್ಚರವಾಗಿಯೇ ಇರುತ್ತಿದ್ದರು.

ಒಂದು ಭಾನುವಾರ ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ತನ್ನ ಸ್ಕ್ಯಾನ್ ರಿಪೋರ್ಟ್ ಹಿಡಿದು ಬಂದಳು. ಕಟ್ಟೆಯ ಮೇಲಿದ್ದ ಕಾಕಾ, ನಿಂಬೆ ಎಷ್ಟು, ಎಣ್ಣೆ ಎಷ್ಟು ಎಂದು ಶುರುಮಾಡಿಯೇಬಿಟ್ಟರು. ಇವರು ಒಳಗಿನಿಂದ ಗೋಡೆ ಹಿಡಿದು ಬಂದು, ಅಂಗಿ ಎತ್ತಿ ಗಾಯ ತೋರಿಸಿದರು.

"ನಾನೂ ಕುಡದಿದ್ದೆ ಅಕ್ಕಾರ. ಸಾಯೂದೊಂದ ಬಾಕಿ ಇತ್ತು. ಕಾಕಾನ ಮಾತು ಕೇಳಬ್ಯಾಡ್ರಿ."

"ಹಿರ್ಯಾರ ಮುಂದ ಹಿಂಗ ಮಾತಾಡತೀಯೇನಲೇ?"

"ಹೂನ್ರಿ ಕಾಕಾ. ಇನ್ನ ಮ್ಯಾಲೆ ಹಿಂಗ."

ಕಾಕಾ ಚಹಾ ಮುಟ್ಟದೆ ಎದ್ದುಹೋದರು. ಆ ಮಾತನ್ನು ನಾನೇ ಕಲಿಸಿಕೊಟ್ಟೆನೆಂಬಂತೆ ಅತ್ತೆ ನನ್ನನ್ನು ದಿಟ್ಟಿಸಿದರು. ಇವತ್ತಿಗೂ ಅವರು ನನ್ನೊಡನೆ ನೆಟ್ಟಗೆ ಮಾತಾಡುವುದಿಲ್ಲ.

ಅಂದು ರಾತ್ರಿ ನಾನು ಒಮ್ಮೆಯೂ ಏಳಲಿಲ್ಲ, ಇವರೂ ಏಳಲಿಲ್ಲ. ಎಚ್ಚರವಾದಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು. ನನ್ನ ಸಾಲೆಯ ಕಡೆಗೆ ಹೋಗುವ ಬಸ್ಸು ಹೋಗಿಬಿಟ್ಟಿತ್ತು.