ಚಿನ್ನಪ್ಪಣ್ಣನ ಡಬ್ಬಿ

ಮಳೆ ಹಿಡಿಯುವ ಮುನ್ನ ರೈನ್‌ಕೋಟ್ ಹುಡುಕುವುದು ನಮ್ಮ ಕಡೆ ವರ್ಷಕ್ಕೊಮ್ಮೆ ನಡೆಯುವ ಕಾರ್ಯಕ್ರಮ. ಕಳೆದ ವಾರ ನಾನೂ ಅಟ್ಟ ಹತ್ತಿದೆ. ರೈನ್‌ಕೋಟ್ ಸಿಗಲಿಲ್ಲ. ಅದು ಸಿಗುವುದು ಮಳೆಗಾಲ ಮುಗಿದ ಮೇಲೆಯೇ. ಸಿಕ್ಕಿದ್ದು ಒಂದು ಸ್ಟೀಲ್ ಡಬ್ಬಿ. ಮೊಣಕಾಲುಗಳ ನಡುವೆ ಇಟ್ಟುಕೊಂಡು ಮುಚ್ಚಳ ತಿರುಗಿಸಿದೆ. ತಳದಲ್ಲಿ ಉಳಿದಿದ್ದ ಕರಿಮೆಣಸಿನ ಧೂಳಿನ ಘಾಟು ಮೂಗಿಗೆ ಬಡಿದು ಸಾಲಾಗಿ ಐದು ಸೀನು ಬಂದವು. ಕೆಳಗಿನಿಂದ ಹೆಂಡತಿ, "ಎಂತ, ಕೊರೊನಾ ಮತ್ತೆ ಬಂತಾ?" ಎಂದಳು. ನಾನು ಡಬ್ಬಿಯ ಮೇಲೆ ಚುಕ್ಕಿಚುಕ್ಕಿಯಾಗಿ ಕೆತ್ತಿದ್ದ ಹೆಸರನ್ನು ಓದುತ್ತಿದ್ದೆ. ಚಿನ್ನಪ್ಪ.

ಈ ಡಬ್ಬಿ ನನ್ನದಲ್ಲ. ಇದು ಪರದೇಶಕ್ಕೆ ಹೋಗಬೇಕಾಗಿದ್ದ ಡಬ್ಬಿ. ಯಾವ ದೇಶಕ್ಕೆ ಎಂದು ನೀವು ಕೇಳುತ್ತೀರಿ. ಅದು ನಮಗೂ ಇವತ್ತಿನವರೆಗೆ ತಿಳಿದಿಲ್ಲ. ಎರಡನೇ ಅಲೆಯ ಹೊತ್ತಿಗೆ ಗಾಳಿಬೀಡಿನ ಆಚೆಯ ನಮ್ಮ ಊರಿಗೂ ವಿದೇಶಿ ನೆರವು ಎಂಬುದು ಬಂದಿತ್ತು. ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಒಂದು ಮೆಷಿನ್. ರಟ್ಟಿನ ಪೆಟ್ಟಿಗೆಯ ಮೇಲೆ ಒಂದು ಬಾವುಟದ ಚಿತ್ರವಿತ್ತು, ಆದರೆ ದಾರಿಯಲ್ಲಿ ನೆನೆದು ಬಣ್ಣಗಳು ಒಂದಕ್ಕೊಂದು ಬೆರೆತಿದ್ದವು. ಜೀಪಿನ ಡ್ರೈವರು ಒಂದು ದೇಶ ಹೇಳಿದ, ಪೋಸ್ಟ್ ಮಾಸ್ಟರು ಇನ್ನೊಂದು ಹೇಳಿದರು. ಇಬ್ಬರೂ ಮಾಸ್ಕ್ ಹಾಕಿಕೊಂಡು ಆರಡಿ ದೂರದಲ್ಲಿ ನಿಂತು ಜಗಳವಾಡಿದ್ದರಿಂದ ಊರಿಗೆಲ್ಲ ಕೇಳಿಸಿತು.

ಊರಿನ ಕೊರೊನಾ ಕಾರ್ಯಪಡೆಯಲ್ಲಿ ನಾನಿದ್ದೆ. ಶೌರ್ಯ ನೋಡಿ ಸೇರಿಸಿದ್ದಲ್ಲ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ, ಮೆಷಿನ್ ಜೊತೆ ಬಂದ ಪುಸ್ತಕ ಓದಲು ಒಬ್ಬರು ಬೇಕಾಗಿತ್ತು. ಓದಿದೆ. ಮೊದಲ ಒಂಬತ್ತು ಪುಟಗಳಲ್ಲಿ ಏನೇನು ಮಾಡಬಾರದು ಎಂದಿತ್ತು. ಅದರ ಪ್ಲಗ್ಗು ನಮ್ಮ ಯಾವ ಗೋಡೆಗೂ ಹೊಂದಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿ ಮಾಡುವ ಮಿಸ್ತ್ರಿ ಬಂದು, ಪುಸ್ತಕದಲ್ಲಿ ಮಾಡಬಾರದೆಂದು ಬರೆದಿದ್ದ ನಾಲ್ಕನೆಯದನ್ನು ಮಾಡಿದ. ಮೆಷಿನ್ ಓಡಿತು.

ಆಸ್ಪತ್ರೆಗಳಲ್ಲಿ ಹಾಸಿಗೆ ಇರಲಿಲ್ಲ. ಆರೋಗ್ಯ ಕೇಂದ್ರದವರು ಮೆಷಿನ್ನನ್ನು ಸರದಿಯಲ್ಲಿ ಮನೆಗಳಿಗೇ ಕಳಿಸುತ್ತಿದ್ದರು. ಎರಡನೆಯ ಸರದಿ ನಮ್ಮ ನೆರೆಮನೆಯ ಚಿನ್ನಪ್ಪಣ್ಣನದು. ಅವರು ಕಾಫಿ ಬೆಳೆಗಾರ. ಯಾವುದನ್ನೂ ಕೂಡಲೇ ಒಪ್ಪುವ ಜನ ಅಲ್ಲ. ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದವರು ಕಿಟಕಿಯ ಹೊರಗಿದ್ದ ನನ್ನನ್ನು ಕೇಳಿದರು:

"ಮಾಸ್ಟ್ರೆ, ಇದ್ ಗಾಳಿ ಎಲ್ಲಿಂದ ತಕ್ಕೊಳ್ತದೆ?"

"ನಿಮ್ಮ ಕೋಣೆಯಿಂದಲೇ."

"ಹಂಗಾರೆ ಗಾಳಿ ನಮ್ದೇ. ನಮ್ಮ ಕಾಫಿ ತಕ್ಕೊಂಡ್ ಹೋಗಿ ಬಾಟ್ಲಿಲಿ ತುಂಬಿ ನಮಗೇ ಕೊಡ್ತವಲ, ಹಂಗೆ." ಅಷ್ಟು ಹೇಳಲು ಅವರು ಮೂರು ಸಲ ನಿಂತು ಉಸಿರೆಳೆದುಕೊಂಡರು. ಆಮೇಲೆ, "ಆದರೂ ಒಳ್ಳೆ ಜನ," ಎಂದರು.

ಒಂಬತ್ತು ದಿನ ಮೆಷಿನ್ ಅವರ ಮನೆಯಲ್ಲಿತ್ತು. ಕರೆಂಟ್ ಹೋದಾಗಲೆಲ್ಲ ಪಕ್ಕದ ಎಸ್ಟೇಟಿನವರು ಜನರೇಟರ್ ಹಾಕಿದರು. ಕೊನೆಯ ಎರಡು ದಿನ ಚಿನ್ನಪ್ಪಣ್ಣ ಚೆನ್ನಾಗಿ ಗಂಜಿ ಕುಡಿದರು, ಉಳಿಯುತ್ತಾರೆಂದು ನಾವೆಲ್ಲ ನಂಬಿದೆವು. ಹತ್ತನೆಯ ಬೆಳಗ್ಗೆ ಹೋಗಿಬಿಟ್ಟರು. ನಾಲ್ಕು ಜನ ಮಾತ್ರ ಮಣ್ಣಿಗೆ ಹೋಗಬಹುದಾಗಿತ್ತು. ನಾನು ಗೇಟಿನ ಹೊರಗೆ ನಿಂತುಕೊಂಡೆ. ಇಡೀ ಊರು ಸೇರಬೇಕಾದ ಸಾವು ಅದು.

ಮೆಷಿನ್ ಕೊಟ್ಟವರು ಜೊತೆಗೊಂದು ನಮೂನೆಯನ್ನೂ ಕಳಿಸಿದ್ದರು. ಪ್ರತಿಯೊಬ್ಬ ರೋಗಿಗೂ ಒಂದರಂತೆ ತುಂಬಬೇಕು. ಹೆಸರು ಬರೆಯುವಂತಿಲ್ಲ, ಸಂಖ್ಯೆ ಮಾತ್ರ. ಮರುದಿನ ಅವರ ಕಿಟಕಿಯ ಹೊರಗೆ ನಿಂತು 'ಫಲಾನುಭವಿ ಸಂಖ್ಯೆ' ಎಂಬಲ್ಲಿ ಎರಡು ಎಂದು ಬರೆದೆ. 'ಸ್ಥಿತಿ' ಎಂಬಲ್ಲಿ ಗುಣಮುಖ, ಚಿಕಿತ್ಸೆಯಲ್ಲಿ, ಇತರೆ ಎಂದು ಮೂರು ಚೌಕಗಳಿದ್ದವು. ಇತರೆಗೆ ಗುರುತು ಹಾಕಿದೆ. ಕೊನೆಯಲ್ಲಿ 'ಷರಾ, ಐವತ್ತು ಪದ ಮೀರದಂತೆ' ಎಂದಿತ್ತು. ಮಕ್ಕಳ ಪ್ರಬಂಧಗಳಿಗೆ ಜೀವಮಾನವಿಡೀ ಷರಾ ಬರೆದ ನನಗೆ ಒಂದು ಪದವೂ ಹೊಳೆಯಲಿಲ್ಲ. ಖಾಲಿ ಬಿಟ್ಟೆ.

ಮೂರನೆಯ ದಿನ ಮೆಷಿನ್ ತರಲು ಹೋದೆ. ಚಿನ್ನಪ್ಪಣ್ಣನ ಹೆಂಡತಿ ಪೂವಕ್ಕ ಅದನ್ನು ಒರೆಸಿ, ಪೆಟ್ಟಿಗೆಗೆ ಹಾಕಿ, ಹಗ್ಗ ಕಟ್ಟಿ ಜಗಲಿಯಲ್ಲಿ ಇಟ್ಟಿದ್ದರು. ಎತ್ತಿದರೆ ಬಂದದ್ದಕ್ಕಿಂತ ಭಾರವಾಗಿತ್ತು. ಬಿಚ್ಚಿ ನೋಡಿದೆ. ಥರ್ಮಾಕೋಲಿನ ಸಂದಿಯಲ್ಲಿ ಒಂದು ಡಬ್ಬಿ ಕರಿಮೆಣಸು, ಪಕ್ಕದಲ್ಲಿ ಮನೆಯಲ್ಲೇ ಹುರಿದು ಪುಡಿ ಮಾಡಿದ ಕಾಫಿಯ ಪೊಟ್ಟಣ.

ಇದು ನಿಮಗೆ ವಿಚಿತ್ರ ಎನಿಸಿದರೆ ನೀವು ನಮ್ಮ ಕಡೆಯವರಲ್ಲ. ನೆರೆಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ಪೂವಕ್ಕನ ಲೆಕ್ಕದಲ್ಲಿ ಪರದೇಶವೂ ಒಂದು ನೆರೆಮನೆ, ಸ್ವಲ್ಪ ದೂರ ಅಷ್ಟೇ.

"ಪೂವಕ್ಕ, ಇದು ಈಗ ಮೂರ್ನಾಡಿಗೆ, ಇನ್ನೊಬ್ಬ ರೋಗಿಗೆ ಹೋಗುದು. ಆ ದೇಶಕ್ಕಲ್ಲ."

"ಒಂದಲ್ಲ ಒಂದ್ ದಿನ ವಾಪಸ್ ಹೋಗೊಕಲ? ಒಂಬತ್ತ್ ದಿನ ನಮ್ಮನೇಲಿ ಇತ್ತ್ ಮಾಸ್ಟ್ರೆ. ಖಾಲಿ ಹೆಂಗೆ ಕಳ್ಸುದು?"

ಪೆಟ್ಟಿಗೆಯನ್ನು ಹಾಗೆಯೇ ಸ್ಕೂಟರಿಗೆ ಕಟ್ಟಿಕೊಂಡು ಹೊರಟೆ. ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ಪೆಟ್ಟಿಗೆ ತೆರೆದು ಡಬ್ಬಿಯ ಮುಚ್ಚಳ ಎತ್ತಿ ಸೀನಿದರು. ಆ ಕಾಲದ ಸೀನು ನಿಮಗೆ ನೆನಪಿರಬೇಕು. ಸಾಲಿನಲ್ಲಿದ್ದವರೆಲ್ಲ ರಸ್ತೆ ದಾಟಿದರು. "ಉಸಿರಾಟದ ಮೆಷಿನ್ ಜೊತೆ ಮೆಣಸಾ? ನಿಮಗಾದ್ರೂ ಬುದ್ಧಿ ಬೇಡ್ವಾ ಮಾಸ್ಟ್ರೆ?" ಎಂದು ಎರಡನ್ನೂ ನನ್ನ ಕೈಗೆ ಹಿಂದಕ್ಕೆ ಕೊಟ್ಟರು.

ಡಬ್ಬಿಯನ್ನು ಪೂವಕ್ಕನಿಗೆ ಮುಟ್ಟಿಸುವುದೆಂದು ಹೊರಟೆ. ಅವರ ಗೇಟಿನವರೆಗೆ ಹೋದೆ. ಗಂಡ ಸತ್ತ ಮೂರು ದಿನಕ್ಕೆ ಅವರ ಉಡುಗೊರೆ ಬೇಡವೆಂದರಂತೆ ಎಂದು ಹೇಗೆ ಹೇಳುವುದು? ಸ್ಕೂಟರ್ ತಿರುಗಿಸಿದೆ. ಡಬ್ಬಿ, ಪೊಟ್ಟಣ ಎರಡನ್ನೂ ನಮ್ಮ ಅಡುಗೆಮನೆಯಲ್ಲಿಟ್ಟು, ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ನನಗೇ ಜ್ವರ ಬಂತು.

ವಾರದಲ್ಲಿ ಅದೇ ಮೆಷಿನ್ ಮೂರ್ನಾಡಿನಿಂದ ನನ್ನ ಮಂಚದ ಪಕ್ಕಕ್ಕೆ ಬಂತು. ನಾನು ಫಲಾನುಭವಿ ಸಂಖ್ಯೆ ನಾಲ್ಕು. ಹೆಂಡತಿ ದಿನಕ್ಕೆ ಮೂರು ಹೊತ್ತು ಮೆಣಸಿನ ಕಷಾಯ, ಬೆಳಗ್ಗೆ ಸಂಜೆ ಬೆಲ್ಲದ ಕಾಫಿ ಕೊಟ್ಟಳು. ವಾಸನೆಯಿಲ್ಲ, ರುಚಿಯಿಲ್ಲ, ಬಿಸಿನೀರು ಕುಡಿದಂತೆ ಕುಡಿದೆ. ಒಂದು ಬೆಳಗ್ಗೆ ಲೋಟ ಬಾಯಿಗೆ ತರುವಾಗ ಘಮ್ಮೆಂದು ಮೆಣಸಿನ ವಾಸನೆ ಬಂತು. ಬದುಕಿದೆ ಎಂದು ಅತ್ತುಬಿಟ್ಟೆ. ಆಮೇಲೆ ಕೇಳಿದೆ, ಮೆಣಸು ಎಲ್ಲಿಯದು? "ಅಡುಗೆಮನೆಲಿ ಡಬ್ಬಿ ಇತ್ತಲ್ಲ," ಎಂದಳು. ಕಾಫಿ ಪುಡಿಯೂ ಮುಗಿದಿತ್ತು. ಪರದೇಶಕ್ಕೆ ಹೋಗಬೇಕಾದ ಉಡುಗೊರೆಯನ್ನು ಒಬ್ಬನೇ ಕುಡಿದು ಮುಗಿಸಿದ್ದೆ.

ಎದ್ದು ಓಡಾಡುವಂತಾದ ಮೇಲೆ ನ್ಯಾಯಬೆಲೆ ಅಂಗಡಿಯ ಮುಂದೆ ಪೂವಕ್ಕ ಸಿಕ್ಕಿದರು. ಕೇಳಿದ ಮೊದಲ ಮಾತೇ, "ಆ ದೇಶದವಕ್ಕೆ ಸಿಕ್ಕಿತಾ?"

"ಸಿಕ್ಕಿತು," ಎಂದೆ.

"ಎಂತ ಹೇಳ್ದವು?"

"ಖಾರ ಜೋರುಂಟು ಅಂದರು."

ಅಂದಿನಿಂದ ಪೂವಕ್ಕ ಊರಿಗೆಲ್ಲ ಅದನ್ನೇ ಹೇಳಿಕೊಂಡು ಬಂದರು. ಪ್ರತಿ ವರ್ಷ ಮೆಣಸು ಕೊಯ್ಯುವಾಗ ಆ ಜನ ಸುಖವಾಗಿದ್ದಾರೆಯೇ ಎಂದು ನನ್ನನ್ನು ವಿಚಾರಿಸುತ್ತಿದ್ದರು. ನಾನು ಪ್ರತಿ ವರ್ಷ ಅವರನ್ನು ಸುಖವಾಗಿಟ್ಟೆ. ಡಬ್ಬಿಯನ್ನು ಮಾತ್ರ ಅಟ್ಟದ ಮೂಲೆಗೆ ತಳ್ಳಿದ್ದೆ. ಅದು ಅವರ ಕಣ್ಣಿಗೆ ಬಿದ್ದರೆ ನನ್ನ ವಿದೇಶಾಂಗ ವ್ಯವಹಾರ ಅಲ್ಲಿಗೆ ಮುಗಿಯುತ್ತಿತ್ತು.

ಕಳೆದ ವಾರ ಸೀನಿ ಮುಗಿಸಿದ ಮೇಲೆ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ನಮ್ಮ ಬಳ್ಳಿಯ ಮೆಣಸು ತುಂಬಿಸಿಕೊಂಡು ಡಬ್ಬಿ ಹಿಡಿದು ಹೋದೆ. ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ, ಖಾರ ಜೋರುಂಟು ಎಂದದ್ದು ಯಾರು ಎಂಬುದನ್ನೂ.

ಪೂವಕ್ಕ ಡಬ್ಬಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಕುಡ್ದದ್ದ್ ನೀವಾ?"

"ನಾನೇ."

"ಗುಣ ಆತಲ?"

"ಆಯ್ತು."

"ಹಂಗಾರೆ ಮೆಣಸ್ ಹಾಳಾಗಿಲ್ಲೆ." ಬೆರಳು ಹೆಸರಿನ ಚುಕ್ಕಿಗಳ ಮೇಲೆ ಓಡಾಡುತ್ತಿತ್ತು. "ಮನೇಲಿ ಬೇರೆ ಡಬ್ಬಿ ಇತ್ತ್ ಮಾಸ್ಟ್ರೆ. ಹೆಸರಿರೋದ್ ಅಂತ ಇದನ್ನೇ ಇಟ್ಟದ್ದ್ ನಾನ್. ನಿಮ್ಮ ಕಾಗದಲಿ ಅವ್ರನ್ನ ಎರಡ್ ಅಂತ ಬರ್ದಿತ್ತಲ, ಕಿಟಕಿಂದ ನೋಡಿದ್ದೆ. ಯಾರಿಗೆ ಕೊಟ್ಟದ್ದೂಂತ ಕೊಟ್ಟವಕ್ಕೆ ಗೊತ್ತಾಗ್ಲೀಂತ."

ಅವರು ಒಳಗೆ ಹೋದರು. ನಾನು ತಂದ ಮೆಣಸನ್ನು ಸುರಿದುಕೊಂಡು, ಡಬ್ಬಿಗೆ ಕಾಫಿ ಪುಡಿ ತುಂಬಿ ತಂದು ನನ್ನ ಕೈಗೇ ಕೊಟ್ಟರು.

"ಇದ್ ನಿಮಗೆ. ಅವಕ್ಕೆ ಈಗ ಮೆಣಸ್ ಬೇಡ. ಹೆಸರ್ ಕಳ್ಸಿ. ನೀವ್ ಮಾಸ್ಟ್ರಲ್ವಾ, ಬರೀರಿ."

ನಮೂನೆಯ ಪ್ರತಿಗಳು ಕಪಾಟಿನಲ್ಲೇ ಇದ್ದವು. ಅದನ್ನು ಕೊಟ್ಟವರಿಗೆ ಮುಟ್ಟಿಸುವ ಇಲ್ಲಿನ ಕಚೇರಿಯ ವಿಳಾಸವೂ ಅದರಡಿಯಲ್ಲೇ ಇತ್ತು. ಪೂವಕ್ಕನ ಕಾಫಿ ಕುಡಿಯುತ್ತಾ ನಿನ್ನೆ ಕುಳಿತೆ. ಅಂದು ಖಾಲಿ ಬಿಟ್ಟಿದ್ದ ಷರಾದ ಜಾಗದಲ್ಲಿ ಇಂಗ್ಲಿಷಿನಲ್ಲಿ, ನನಗೆ ಸಾಧ್ಯವಾದಷ್ಟು ದುಂಡಗೆ ಬರೆದೆ: ಎರಡನೆಯವರ ಹೆಸರು ಚಿನ್ನಪ್ಪ. ನೀವು ಒಳ್ಳೆಯ ಜನ ಎಂದು ಅವರು ಹೇಳಿದ್ದರು. ಇದನ್ನು ತಿಳಿಸಲು ತಡ ಮಾಡಿದವನು ಸಂಖ್ಯೆ ನಾಲ್ಕು.