ಲೈಟ್ ಹತ್ತಿದೆ, ಸಾರು ಬಂದಿಲ್ಲ

ಎಲೆಯ ಮೇಲೆ ಮುದ್ದೆ ಇತ್ತು. ಸಾರು ಕೆಸರಿನಲ್ಲಿತ್ತು.

(ಗಾಬರಿಯಾಗಬೇಡಿ. ಸಾರು ಡಬರಿಯಲ್ಲಿತ್ತು, ಡಬರಿ ಜೀಪಿನಲ್ಲಿತ್ತು. ಕೆಸರಿನಲ್ಲಿದ್ದದ್ದು ಜೀಪು.)

ಮಾಗಡಿ ಕಡೆಯ ತಿಪ್ಪಸಂದ್ರದ ಹತ್ತಿರ ನನ್ನ ಅತ್ತೆ ಮನೆ. ಮೊನ್ನೆ ಭಾಮೈದನ ಮದುವೆ ಮುಗಿದು, ಕಳೆದ ಭಾನುವಾರ ಬೀಗರೂಟ. ಹೆಣ್ಣಿನ ಕಡೆಯವರು ಕನಕಪುರದಿಂದ ಬಸ್ ಮಾಡಿಕೊಂಡು ಬಂದಿದ್ದರು. ಬೀಗರೂಟದ ಗಾಂಭೀರ್ಯ ನಿಮಗೆ ಗೊತ್ತಿದೆ. ತಾಳಿ ಕಟ್ಟುವುದು ಒಂದು ಗಳಿಗೆ ತಡವಾದರೆ ಪುರೋಹಿತರನ್ನು ಬೈದು ಸುಮ್ಮನಾಗುತ್ತಾರೆ. ಮಟನ್ ಸಾರು ತಡವಾದರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

"ಇರೋನು ಒಬ್ಬ ಮಗ. ಬೀಗರ ಮುಂದೆ ಮಾನ ಕಳೀಬ್ಯಾಡ್ರಪ್ಪ," ಎಂದು ಅತ್ತೆ ಬೆಳಿಗ್ಗೆಯಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಪೆಂಡಾಲ್ ಹಾಕಿದ್ದು ಕೆರೆಯಾಚೆಯ ತೆಂಗಿನ ತೋಟದಲ್ಲಿ. ಹಿಂದಿನ ದಿನದ ಮಳೆಗೆ ಅಲ್ಲಿ ಹೂಡಿದ್ದ ಒಲೆಗಳೆಲ್ಲ ನೆನೆದುಹೋಗಿ, ಅಡುಗೆಯನ್ನು ಊರೊಳಗಿನ ಮನೆಯಲ್ಲೇ ಮಾಡಬೇಕಾಯಿತು. ಮುದ್ದೆಯ ಕುಕ್ಕೆಗಳನ್ನು ನೆಂಟರು ಹೊತ್ತುಕೊಂಡು ಹೋದರು. ಸಾರಿನ ಡಬರಿಗೆ ಟ್ರಾಕ್ಟರ್ ತರುತ್ತೇನೆ ಎಂದು ಭಾಮೈದ ಹೊರಟ.

"ನಿಂತ್ಕಳ್ಲಾ! ನನ್ ಜೀಪ್ ಇರೋವಾಗ ಟ್ರಾಕ್ಟರ್ ಯಾಕ್ಲಾ?" ಎಂದು ಎದ್ದರು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಶಿವಲಿಂಗಣ್ಣ.

ಹಾರೋಹಳ್ಳಿಯಲ್ಲಿ ಕಾರ್ಖಾನೆಗಳೆದ್ದ ಮೇಲೆ ಶಿವಲಿಂಗಣ್ಣ ಅಲ್ಲಿನ ಕೆಲಸಗಾರರನ್ನು ಕರೆದೊಯ್ಯುವ ವ್ಯಾನ್‌ಗಳನ್ನು ಬಿಟ್ಟು ಒಂದು ಸ್ಥಿತಿಗೆ ಬಂದವರು. ಆ ಖುಷಿಗೆ ಕೊಂಡದ್ದು ಈ ಸೆಕೆಂಡ್ ಹ್ಯಾಂಡ್ ಜೀಪು. ಅದಕ್ಕೆ ಡಿಫರೆನ್ಷಿಯಲ್ ಲಾಕ್ ಇದೆ. ಅದೇನೆಂದು ನೀವು ಕೇಳದಿದ್ದರೂ ಅವರು ಹೇಳುತ್ತಾರೆ. ಒಂದು ಚಕ್ರ ಕೆಸರಿಗೆ ಬಿದ್ದರೆ ಎಂಜಿನ್ನಿನ ಕಸುವೆಲ್ಲ ಅದಕ್ಕೇ ಹೋಗಿ ಅದು ಗಿರಗಿರ ತಿರುಗುತ್ತದೆ. ಗಟ್ಟಿ ನೆಲದ ಮೇಲಿರುವ ಜೊತೆಗಾರ ಚಕ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂದು ನಿಂತುಬಿಡುತ್ತದೆ. ಲಾಕ್ ಹಾಕಿದರೆ ಎರಡೂ ಒಟ್ಟಿಗೇ ತಿರುಗಬೇಕು. (ಪಾಲಾದ ಅಣ್ಣತಮ್ಮಂದಿರಿಗೂ ಇಂಥದ್ದೊಂದು ಬಂದರೆ ಕೋರ್ಟುಗಳು ಖಾಲಿಯಾಗುತ್ತವೆ.)

ತೊಂದರೆ ಏನೆಂದರೆ ಈ ಲಾಕು ಮನಸ್ಸು ಬಂದಾಗ ಬೀಳುತ್ತಿತ್ತು, ಬರದಿದ್ದಾಗ ಇಲ್ಲ. ಒಮ್ಮೆ ಮಾಗಡಿಯ ಟಾರ್ ರಸ್ತೆಯಲ್ಲಿ ಬಿದ್ದ ಲಾಕು ಬಿಡಿಸಿಕೊಳ್ಳದೆ, ಟೈರುಗಳು ಕಿರುಚಿ, ಜೀಪು ತಿರುವಿನಲ್ಲಿ ನೆಟ್ಟಗೆ ಟೀ ಅಂಗಡಿಗೇ ನುಗ್ಗಲು ನೋಡಿತ್ತು. ಮಾಗಡಿಯ ಮೆಕ್ಯಾನಿಕ್ ಆಯಿಲ್ ಬದಲಿಸಿದ. ಕನಕಪುರದವನು ಸ್ವಿಚ್ ಬದಲಿಸಿದ. ಕೊನೆಗೆ ಚನ್ನಪಟ್ಟಣದ ಬಾಬು ಎಂಬಾತ ಅರ್ಧ ದಿನ ಇಟ್ಟುಕೊಂಡು ಕೊಟ್ಟ ಮೇಲೆ, ಸ್ವಿಚ್ ಒತ್ತಿದಾಗಲೆಲ್ಲ ಡ್ಯಾಶ್‌ಬೋರ್ಡಿನಲ್ಲಿ ಲಾಕ್ ಬಿದ್ದಿದೆಯೆಂದು ಹೇಳುವ ಕಿತ್ತಳೆ ಬಣ್ಣದ ಲೈಟ್ ತಪ್ಪದೆ ಹತ್ತತೊಡಗಿತು. ಶಿವಲಿಂಗಣ್ಣ ಆ ಲೈಟನ್ನು ಬಂದವರಿಗೆಲ್ಲ ಹತ್ತಿಸಿ ತೋರಿಸಿದರು. ಮನೆಯ ಅಂಗಳದಲ್ಲಿ ನಿಲ್ಲಿಸಿಕೊಂಡೇ.

ಸರಿ, ಭಾನುವಾರಕ್ಕೆ ಬರೋಣ. ಹಿಂದಿನ ಸೀಟಿನಲ್ಲಿ ಡಬರಿ ತಬ್ಬಿಕೊಂಡು ನಾನು. ಕೆರೆಯಂಗಳದ ನಡುವೆ ಜೀಪು ಎಡಕ್ಕೆ ವಾಲಿ ನಿಂತಿತು. ಶಿವಲಿಂಗಣ್ಣ ಸ್ವಿಚ್ ಒತ್ತಿದರು. ಲೈಟ್ ಹತ್ತಿತು. ಆಕ್ಸಿಲರೇಟರ್ ತುಳಿದರು. ಎಡಗಡೆಯ ಚಕ್ರ ಗಿರಗಿರ ತಿರುಗಿ ನನ್ನ ಹೊಸ ಶರ್ಟಿಗೆ ಕೆಸರು ಎರಚಿತು.

ನಾನು ಇಣುಕಿ ನೋಡಿದೆ. ಬಲಗಡೆಯ ಚಕ್ರ ಅಲುಗಾಡಿರಲಿಲ್ಲ.

"ಅಣ್ಣ, ಲಾಕ್ ಬಿದ್ದಿಲ್ಲ."

"ಲೈಟ್ ಹತ್ತೈತಲ್ಲಯ್ಯ!"

"ಚಕ್ರ ತಿರುಗ್ತಿಲ್ಲ ಅಣ್ಣ."

"ಲೈಟ್ ನೋಡಯ್ಯ ಮೊದ್ಲು!"

ನೋಡಿದೆ. ಚೆನ್ನಾಗಿಯೇ ಉರಿಯುತ್ತಿತ್ತು. ಅವರು ಮತ್ತೆ ತುಳಿದರು. ಜೀಪು ಇನ್ನೊಂದು ಗೇಣು ಇಳಿಯಿತು.

ಅತ್ತ ಪೆಂಡಾಲಿನಲ್ಲಿ, ಜೀಪಿನ ಸದ್ದು ಕೇಳಿ ಸಾರು ಬಂದೇಬಿಟ್ಟಿತೆಂದು ಅತ್ತೆ ಪಂಕ್ತಿ ಕೂರಿಸಿ ಮುದ್ದೆ ಇಡಿಸಿದ್ದರು. ಸದ್ದು ಬರುತ್ತಲೇ ಇತ್ತು, ಸಾರು ಬರಲಿಲ್ಲ. ಬಡಿಸಿದ ಎಲೆ ಬಿಟ್ಟು ಏಳುವ ಹಾಗಿಲ್ಲ, ಸಾರಿಲ್ಲದೆ ಮುದ್ದೆ ಇಳಿಯುವುದಿಲ್ಲ. ಕೊನೆಗೆ ಆಗಬಾರದ್ದೇ ಆಯಿತು. ಬೀಗರು, ಹೆಣ್ಣಿನ ತಂದೆ, ಎಲೆ ಮುಂದಿನಿಂದ ಎದ್ದರು. ಅತ್ತೆ ಕೈಮುಗಿದು ಅಡ್ಡ ನಿಂತರಂತೆ.

ಬೀಗರು ಬಿಳಿ ಪಂಚೆ ಎತ್ತಿ ಕಟ್ಟಿಕೊಂಡು ನಮ್ಮತ್ತ ನಡೆದು ಬರುವುದು ಕಂಡು ನನಗೆ ನಿಜಕ್ಕೂ ಭಯವಾಯಿತು. ಹತ್ತಿರ ಬಂದು ಚಕ್ರ ನೋಡಿದರು. ನನ್ನ ಶರ್ಟ್ ನೋಡಿದರು. ಡಬರಿಯ ಮುಚ್ಚಳ ಸರಿಸಿ ಮೂಸಿದರು.

"ಬೀಗ್ರೂಟ ಅಂತ ಕರದು ನಾಟಿ ಕೆಲ್ಸಕ್ಕೆ ಇಳ್ಸೀರಲ್ಲಪ್ಪ!" ಎಂದು ನಕ್ಕವರೇ ಪೆಂಡಾಲಿನತ್ತ ತಿರುಗಿ ಕೂಗಿದರು: "ಸಾರು ಬರಂಗಿಲ್ಲ ಕಣ್ರಪ್ಪೋ! ನೀವೇ ಬನ್ನಿ! ಮುದ್ದೆ ಬುಟ್ಟು ಬರಬ್ಯಾಡಿ!"

ಬಂದರು ಸ್ವಾಮಿ. ಹೆಂಗಸರು, ಮುದುಕರು, ಸೀರೆ ಎತ್ತಿ ಹಿಡಿದ ಮದುಮಗಳೂ ಸೇರಿದಂತೆ, ಮುದ್ದೆಯನ್ನು ಎಲೆ ಸಮೇತ ಅಂಗೈಯಲ್ಲಿಟ್ಟುಕೊಂಡು ಇಡೀ ಪಂಕ್ತಿಯೇ ಬಂದು ಕೆರೆಯಂಗಳದ ಗದ್ದೆಯ ಬದುವಿನ ಮೇಲೆ ಸಾಲಾಗಿ ಕೂತಿತು. ಶಿವಲಿಂಗಣ್ಣ ತಲೆ ತಗ್ಗಿಸಿಕೊಂಡು ಜೀಪಿನ ಹಿಂಬಾಗಿಲಿನಿಂದ ಸೌಟು ಹಿಡಿದು ಬಡಿಸಿದರು. ಅತ್ತೆ ಓಡುತ್ತ ಬಂದು, ಎಲ್ಲರೂ ನೆಕ್ಕಿಕೊಂಡು ತಿನ್ನುತ್ತಿರುವುದನ್ನು ಕಂಡು ಅತ್ತೇಬಿಟ್ಟರು. ಜೀಪನ್ನು ಆಮೇಲೆ ಎಳೆದದ್ದು ಟ್ರಾಕ್ಟರೇ. ಅಷ್ಟೂ ಹೊತ್ತು ಆ ಲೈಟ್ ಉರಿಯುತ್ತಲೇ ಇತ್ತು.

ಮಾರನೆಯ ದಿನ ಚನ್ನಪಟ್ಟಣಕ್ಕೆ ನಾನೂ ಹೋದೆ. (ಷಡ್ಡಕ ಬೈಯುವುದನ್ನು ನೋಡುವ ಸುಖ ಬಿಡಲಾದೀತೆ?) ಬಾಬು ಒಂದಿಷ್ಟೂ ಅಳುಕದೆ ಹೇಳಿದ: "ನೀವು ಏನಂದ್ರಿ ಸಾರ್? ಲೈಟ್ ಒಂದ್ಸಲ ಬತ್ತದೆ, ಒಂದ್ಸಲ ಬರಲ್ಲ, ಸರಿ ಮಾಡು ಅಂದ್ರಿ. ಕೆಳಗೆ ಲಾಕಿಂದ ಬರೋ ವೈರ್ ಕಿತ್ತು ಸೀದಾ ಸ್ವಿಚ್ಚಿಗೇ ಕೊಟ್ಟೆ. ಈಗ ಯಾವಾಗ್ಲೂ ಬತ್ತದಲ್ಲ?"

ಬೈಯಲು ಹೋದ ಶಿವಲಿಂಗಣ್ಣ ಜೀಪು ಹತ್ತಿ ಇನ್ನೊಮ್ಮೆ ಸ್ವಿಚ್ ಒತ್ತಿ ನೋಡಿದರು.

ಬಾಬು ಮಾಡಿದ್ದರಲ್ಲಿ ಹೊಸದೇನಿದೆ ಹೇಳಿ? ಮಗ ಓದಲಿ ಎನ್ನುತ್ತೇವೆ, ಪುಸ್ತಕ ತೆರೆದಿದ್ದರೆ ಬಾಗಿಲು ಮುಂದೆ ಮಾಡಿ ಬರುತ್ತೇವೆ. ಹೆಂಡತಿ "ಏನಿಲ್ಲ" ಎಂದರೆ ನಂಬಿಕೊಂಡು ಪೇಪರ್ ಓದುತ್ತೇವೆ. (ನಾನಂತೂ ಓದುತ್ತೇನೆ. ಪರಿಣಾಮ ರಾತ್ರಿಯೂಟದ ಹೊತ್ತಿಗೆ ತಿಳಿಯುತ್ತದೆ.) ನಾವು ಕೇಳುವುದೇ ಲೈಟು, ಕೊಡುವವರು ಲೈಟು ಕೊಡುತ್ತಾರೆ.

ನಿಜವಾದ ರೋಗ ಜೀಪಿನ ಅಡಿಯಲ್ಲಿ ಸಿಕ್ಕಿತು. ಗಾಳಿ ಹೀರಿ ಲಾಕನ್ನು ಎಳೆಯುವ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು. ತುಕ್ಕು ಹಿಡಿಯಬಾರದೆಂದು ಶಿವಲಿಂಗಣ್ಣ ವಾರವಾರ ಗಾಡಿಯ ಅಡಿಗೆ ಡೀಸೆಲ್ ಹೊಡೆಸುತ್ತಿದ್ದರು. ರಬ್ಬರಿಗೆ ಆ ಪ್ರೀತಿ ತಡೆಯಲಾಗಿರಲಿಲ್ಲ. ಹೊಸ ಪೈಪು ಹಾಕಿ, ಗ್ಯಾರೇಜಿನ ಹಿಂದಿನ ಹಳ್ಳಕ್ಕೆ ಇಳಿಸಿ ನೋಡಿದೆವು. ಎರಡೂ ಚಕ್ರ ಒಟ್ಟಿಗೆ ತಿರುಗಿದವು, ಜೀಪು ಮೇಕೆಯ ಹಾಗೆ ಮೇಲೆ ಹತ್ತಿತು. ಅದನ್ನು ಕಂಡು ನಾಚಿದ ಬಾಬು ತನ್ನ ಕಳ್ಳ ವೈರನ್ನೂ ಕಿತ್ತುಬಿಟ್ಟ. ಕೆಳಗಿನ ಹಳೇ ವೈರು ಕೆಟ್ಟಿದ್ದರಿಂದ ಲೈಟ್ ಮಾತ್ರ ಬರಲಿಲ್ಲ.

ನಿನ್ನೆ ಶಿವಲಿಂಗಣ್ಣ ಫೋನ್ ಮಾಡಿದ್ದರು. ದನಿ ಸಪ್ಪಗಿತ್ತು.

"ಲಾಕ್ ಬೀಳ್ತೈತಾ ಅಣ್ಣ?"

"ಬೀಳ್ತದೆ ಕಣಯ್ಯ, ಪ್ರತಿ ಸಲಾನೂ ಬೀಳ್ತದೆ. ಆದ್ರೆ ಲೈಟೇ ಇಲ್ವಲ್ಲ, ನಂಬೋದೆಂಗೆ? ನಾಳೆ ಬಾಬು ತಾವ ಹೋಗಿ, ಸ್ವಿಚ್ಚಿಗೆ ಕೊಟ್ಟಿದ್ನಲ್ಲ, ಆ ವೈರೇ ಮತ್ತೆ ಕೊಡ್ಸ್ಕಂಡು ಬತ್ತೀನಿ."

ಅತ್ತೆ ಮೊಮ್ಮಗುವಿನ ನಾಮಕರಣದ ಕನಸು ಕಾಣುತ್ತಿದ್ದಾರೆ. ಆವತ್ತು ನಾನು ಎಲೆ ಮುಂದೆ ಕೂರಲೋ, ಕೆರೆಯಂಗಳದ ಬದುವಿನ ಮೇಲೆ ಕೂರಲೋ?